ಬೆನ್ನಿಗೆ ಇಟ್ಟ ಹೊಟ್ಟಿನ ಚೀಲ

ಐವತ್ತರ ದಶಕದ ಕೊನೆ. ಎರಡು ಹೆಣ್ಣಾದ ಮೇಲೆ ನಾನು ಮತ್ತೆ ಬಸುರಾದಾಗ, ಸೊರಬದ ಮನೆಯಲ್ಲಿ ನನ್ನ ಅತ್ತೆ ಭತ್ತದ ಹೊಟ್ಟು ತುಂಬಿದ ಚೀಲವನ್ನು ನನ್ನ ಬೆನ್ನಿಗೆ ಒತ್ತಿಟ್ಟು ಮಲಗಿಸುತ್ತಿದ್ದರು. ಬಲ ಮಗ್ಗುಲಲ್ಲೇ ಮಲಗಿದರೆ ಗಂಡಾಗುತ್ತದೆ, ನಿದ್ದೆಯಲ್ಲಿ ಎಡಕ್ಕೆ ಹೊರಳಿದರೆ ಕೆಟ್ಟಿತು ಎಂಬುದು ಅವರ ನಂಬಿಕೆ. ಬೆಳಿಗ್ಗೆ ಎದ್ದ ಕೂಡಲೇ ಚೀಲ ಸರಿದಿದೆಯೇ ಎಂದು ನೋಡುತ್ತಿದ್ದರು. ಐದನೇ ತಿಂಗಳಿಗೆ ನನ್ನ ಬಲಭುಜ ಮರಗಟ್ಟಿತ್ತು. ಆ ಚೀಲವನ್ನು ಒಲೆಗೆ ಹಾಕಬೇಕೆನ್ನುವಷ್ಟು ಸಿಟ್ಟು.

ಭುಜ ತೋರಿಸಲು ಅತ್ತೆಯೂ ನಾನೂ ಶಿಕಾರಿಪುರದ ಆಸ್ಪತ್ರೆಗೆ ಹೋದೆವು. ಚೀಲದ ಕತೆ ಕೇಳಿ ಲೇಡಿ ಡಾಕ್ಟರು ನಗಲಿಲ್ಲ.

"ಮೊದ್ಲು ಒಂದೂವರೆ ತಿಂಗಳು ಹೊಟ್ಟೆಯೊಳಗೆ ಎಲ್ಲಾ ಕೂಸೂ ಒಂದೇ ತರ ಇರ್ತಾವ್ರೀ. ಆಮೇಲೆ ತಂದೆ ಕಡೆಯಿಂದ ಏನು ಬಂದಿರುತ್ತೋ ಅದರ ಪ್ರಕಾರ ಗಂಡೋ ಹೆಣ್ಣೋ ಆಗಿ ಬೆಳೀತಾವೆ. ಈ ಕೂಸಿಂದು ಈಗಾಗ್ಲೇ ಮುಗಿದಿದೆ. ತಾಯಿ ಯಾವ ಮಗ್ಗುಲಿಗೆ ಮಲಗಿದ್ರೂ ಬದಲಾಗಲ್ಲ," ಎಂದರು.

ಅಲ್ಲೇ ಬೆಂಚಿನ ಮೇಲೆ ಎಡಕ್ಕೆ ಹೊರಳಿ ಮಲಗಿಬಿಡೋಣ ಎನ್ನಿಸಿತು ನನಗೆ. ಮನೆಗೆ ಹೋದ ಮೇಲೂ ಅತ್ತೆ ಚೀಲ ತಂದರೆ ಜಗಳವಾಡುವುದೇ ಸೈ ಎಂದುಕೊಂಡು ಬಸ್ಸು ಹತ್ತಿದೆ.

ಬಸ್ಸು ಊರು ದಾಟಿ ಬಹಳ ಹೊತ್ತಾದ ಮೇಲೆ ಅತ್ತೆ ದೊಡ್ಡದಾಗಿ ಉಸಿರು ಬಿಟ್ಟು, ಕಿಟಕಿಯಾಚೆ ನೋಡುತ್ತಲೇ ಹೇಳಿದರು:

"ನಿನ್ನ ಗಂಡ ಹುಟ್ಟೋಕೆ ಮುಂಚೆ ನಾಕು ಹೆಣ್ಣು ಹೆತ್ತೆ. ನಾಕಕ್ಕೂ ನಮ್ಮತ್ತೆ, ನಿದ್ದೇಲಿ ಹೊಳ್ಳಿದ್ದೀಯ ಅಂತ ಬೈದ್ರು. ಹೊಳ್ಳಿಬಿಟ್ರೆ ಅಂತ ಹೆದರಿ ನಾನು ನಿದ್ದೇನೇ ಮಾಡ್ತಿರ್ಲಿಲ್ಲ ಮಾರಾಯ್ತಿ."