ಎಡಗೈ ಬೇಡದ ಗಾಡಿ

ಲಾಕ್‌ಡೌನೆಲ್ಲ ಮುಗಿದು ಜನ ಮುಖದ ಮಾಸ್ಕ್ ಬಿಚ್ಚಿದ ವರ್ಷದ ಮಾತು. ಆಗ ಸಾಗರದಲ್ಲಿ ನನ್ನದೊಂದು ಮೋಟಾರ್‌ಸೈಕಲ್ ವರ್ಕ್‌ಶಾಪ್ ಇತ್ತು. ಐಟಿಐ ಮುಗಿಸಿ, ಬೇರೆಯವರ ಗ್ಯಾರೇಜಿನಲ್ಲಿ ಗ್ರೀಸು ತಿಂದು, ಆಮೇಲೆ ಸ್ವಂತ ಶಟರ್ ಎತ್ತಿದವನು ನಾನು. ಹೊಸ ಗಾಡಿಗಳನ್ನು ಕೆಲಸದವರಿಗೆ ಬಿಟ್ಟಿದ್ದೆ. ಹಳೆಯ ಗಾಡಿ ಬಂದರೆ ಮಾತ್ರ ನಾನೇ ಸ್ಪ್ಯಾನರ್ ಹಿಡಿಯುತ್ತಿದ್ದೆ. ಈ ವಿಷಯದಲ್ಲಿ ನನ್ನದೊಂದು ಹಟ. ಹಳೆಯ ಗಾಡಿ ಕಂಪನಿಯಿಂದ ಹೇಗೆ ಹೊರಬಂತೋ ಹಾಗೇ ಇರಬೇಕು. ಸೈಲೆನ್ಸರ್ ಕೊಯ್ದು ಸದ್ದು ಜಾಸ್ತಿ ಮಾಡಿ ಎಂದು ಬಂದವರನ್ನು ಬೈದೇ ಕಳಿಸುತ್ತಿದ್ದೆ. ‘ಮಾಡಿಫೈ’ ಎಂಬ ಮಾತು ಕೇಳಿದರೇ ನನಗೆ ಮೈಯೆಲ್ಲ ಉರಿಯುತ್ತಿತ್ತು.

ಅಂಥ ನನ್ನ ಹತ್ತಿರ ಹೊಸನಗರದ ಕಡೆಯ ಚೌಡಪ್ಪ ಒಂದು ಬೆಳಿಗ್ಗೆ ತನ್ನ ಗಾಡಿಯನ್ನು ಗೂಡ್ಸ್ ಆಟೊದಲ್ಲಿ ಹೇರಿಕೊಂಡು ಬಂದ. ಗಾಡಿಯ ಹೆಸರು ಹೇಳುವುದು ಬೇಡ. ಕಿಕ್ಕರಿಗೂ ಗಿಯರಿಗೂ ಒಂದೇ ಲಿವರ್ ಇರುವ, ಎರಡು ಸೈಲೆನ್ಸರಿನ ಟೂ-ಸ್ಟ್ರೋಕ್ ಗಾಡಿ ಎಂದರೆ ಐವತ್ತು ದಾಟಿದವರಿಗೆ ತಾನಾಗಿ ಗೊತ್ತಾಗುತ್ತದೆ. ಚೌಡಪ್ಪನ ಕಸುಬು ಮೀನು ವ್ಯಾಪಾರ. ಕರಾವಳಿಯಿಂದ ಹುಲಿಕಲ್ ಘಾಟಿ ಹತ್ತಿ ಬರುವ ಲಾರಿಯಿಂದ ಬಂಗಡೆ, ತಾರ್ಲೆ ಇಳಿಸಿಕೊಂಡು, ಐಸ್ ತುಂಬಿದ ಪೆಟ್ಟಿಗೆಯನ್ನು ಹಿಂದೆ ಕಟ್ಟಿ, ರಬ್ಬರ್ ಹಾರ್ನ್ ಒತ್ತುತ್ತ ಹಳ್ಳಿಹಳ್ಳಿ ತಿರುಗುವವನು. ಸ್ವಲ್ಪ ಗದ್ದೆಯೂ ಇತ್ತು, ಆದರೆ ಅವನ ಜೀವವೆಲ್ಲ ಈ ತಿರುಗಾಟದಲ್ಲಿತ್ತು.

ಹಿಂದಿನ ಬೇಸಿಗೆಯಲ್ಲಿ ಬೇಲಿಗೆ ಕಲ್ಲುಕಂಬ ನಿಲ್ಲಿಸುವಾಗ ಒಂದು ಕಂಬ ಜಾರಿ ಅವನ ಎಡಗೈ ಮೇಲೆ ಬಿದ್ದಿತ್ತು. ಎರಡು ಸಲ ಆಪರೇಷನ್ ಆದರೂ ಬೆರಳು ಮಡಚಲು ಬರಲಿಲ್ಲ. ಅಂಗೈಯನ್ನು ಹ್ಯಾಂಡಲ್ ಮೇಲೆ ಊರಬಹುದು, ಒತ್ತಬಹುದು, ಆದರೆ ಕ್ಲಚ್ ಎಳೆಯಲು ಸಾಧ್ಯವಿಲ್ಲ. ಎಂಜಿನ್ನಿನ ಶಕ್ತಿಯನ್ನು ಚಕ್ರದಿಂದ ಬಿಡಿಸುವುದು, ಮತ್ತೆ ಜೋಡಿಸುವುದು ಕ್ಲಚ್ಚಿನ ಕೆಲಸ. ಅದಿಲ್ಲದೆ ಮನೆಮನೆ ಮುಂದೆ ನಿಂತು ಹೊರಡುವ ವ್ಯಾಪಾರ ನಡೆಯುವುದಿಲ್ಲ.

“ಸತ್ಯಣ್ಣ, ಕ್ಲಚ್ ಕಾಲಿಗೆ ಬರೋ ಹಂಗೆ ಎಂತಾದ್ರೂ ಮಾಡಿಫೈ ಮಾಡಿಕೊಡಿ” ಎಂದ.

“ಗಿಯರಿಲ್ಲದ ಸ್ಕೂಟರ್ ತಗಳೋ ಮಾರಾಯ” ಎಂದೆ ನಾನು.

“ತಗಂಡು ನೋಡಾಯ್ತು. ಭಾವನ ಸ್ಕೂಟರಲ್ಲಿ ಇಳುಕಲಲ್ಲಿ ಬಿದ್ದು ಎದ್ದೂ ಆಯ್ತು” ಎಂದು ನಕ್ಕ.

ಕೇಳಿದ ಮೇಲೆ ನನಗೆ ಹೊಳೆಯಿತು. ಸ್ಕೂಟರಿನಲ್ಲಿ, ಮೊಪೆಡ್ಡಿನಲ್ಲಿ ಹಿಂದಿನ ಬ್ರೇಕ್ ಇರುವುದು ಎಡಗೈಗೆ. ನಮ್ಮ ಕೆಸರಿನ ಇಳಿಜಾರಿನಲ್ಲಿ ಭಾರ ಹೇರಿಕೊಂಡು ಮುಂದಿನ ಬ್ರೇಕೊಂದನ್ನೇ ಹಿಡಿದರೆ ಜಾರಿ ಬೀಳದೆ ಇನ್ನೇನು? ಈ ಹಳೆಯ ಗಾಡಿಯಲ್ಲಿ ಹಿಂದಿನ ಬ್ರೇಕ್ ಬಲಗಾಲಿಗಿದೆ. ಅವನು ಸುಮ್ಮನೆ ಹಟ ಮಾಡುತ್ತಿರಲಿಲ್ಲ, ಪ್ರತಿಯೊಂದನ್ನೂ ಅಳೆದು ನೋಡಿಯೇ ನನ್ನ ಬಾಗಿಲಿಗೆ ಬಂದಿದ್ದ.

ಜೊತೆಯಲ್ಲಿ ಹೆಂಡತಿ ಗಿರಿಜಮ್ಮ ಬಂದಿದ್ದರು. ಅವನು ಚಾ ಹೇಳಲು ಹೋದಾಗ ನನ್ನ ಹತ್ತಿರ ಬಂದು ತಗ್ಗಿದ ದನಿಯಲ್ಲಿ ಹೇಳಿದರು: “ಆಗಲ್ಲ ಅಂತ ನೀವೇ ಹೇಳ್ಬಿಡಿ ಸತ್ಯಣ್ಣ. ನಾ ಹೇಳಿದ್ರೆ ಕೇಳಲ್ಲ. ತೀರ್ಥಹಳ್ಳಿ ಗೌಡ್ರೊಬ್ರು ಈ ಗಾಡಿ ಕೇಳ್ತಾ ಇದಾರೆ. ಕೊಟ್ಟು ಮನೇಲಿರ್ಲಿ. ಬಿದ್ದು ಇನ್ನೊಂದು ಕೈಯೂ ಹೋದ್ರೆ ನಾ ಎಲ್ಲಿಗೆ ಹೋಗ್ಲಿ?”

ಹಾಗೆಯೇ ಹೇಳಿಬಿಡೋಣ ಎಂದುಕೊಂಡೆ. ಆದರೆ ಚೌಡಪ್ಪ ಚಾ ಹಿಡಿದು ಬಂದವನು ಗಾಡಿಯ ಟ್ಯಾಂಕ್ ಸವರುತ್ತ, “ಮನೇಲಿ ಕೂತು ಕೂತು ನಾನೇ ಐಸಲ್ಲಿಟ್ಟ ಮೀನಾಗಿದೀನಿ” ಎಂದ. ಎಲ್ಲರೂ ನಕ್ಕೆವು, ಗಿರಿಜಮ್ಮ ಮಾತ್ರ ನಗಲಿಲ್ಲ. ಆಗಲ್ಲ ಎನ್ನಲು ನನಗೆ ಬಾಯಿ ಬರಲಿಲ್ಲ.

ಅವರು ಹೋದ ಮೇಲೆ ಗಾಡಿಯ ಮುಂದೆ ಸ್ಟೂಲ್ ಹಾಕಿಕೊಂಡು ಕೂತೆ. ಕಾಲಿಗೆ ಪೆಡಲ್, ವೈರು, ಸ್ಪ್ರಿಂಗು ಎಂದು ಏನೇನೋ ಯೋಚಿಸುತ್ತಿದ್ದವನಿಗೆ ನಾನು ಕೆಲಸ ಕಲಿತ ಕಾಲದ ಒಂದು ಪದ್ಧತಿ ನೆನಪಾಯಿತು. ಈ ಗಾಡಿಯನ್ನು ಮಾಡಿದವರು ಇದಕ್ಕೆ ಎರಡು ದಾರಿಯ ಕ್ಲಚ್ ಇಟ್ಟಿದ್ದರು. ಒಂದು ಕೈಯಲ್ಲಿ ಎಳೆಯುವುದು. ಇನ್ನೊಂದು ಗಿಯರ್ ಲಿವರಿನಲ್ಲೇ ಅಡಗಿದ್ದುದು. ಲಿವರನ್ನು ಪಾದದಲ್ಲಿ ಒತ್ತಿ ಹಿಡಿದಷ್ಟು ಹೊತ್ತು ಕ್ಲಚ್ ಬಿಟ್ಟಿರುತ್ತದೆ, ನಿಧಾನವಾಗಿ ಪಾದ ಸಡಿಲಿಸಿದರೆ ಹಿಡಿಯುತ್ತದೆ. ಲಿವರಿಗೂ ಕ್ಲಚ್ಚಿಗೂ ನಡುವೆ ಕೂತ ಒಂದು ಕ್ಯಾಮ್ ಈ ಕೆಲಸ ಮಾಡುತ್ತದೆ. ಕ್ಯಾಮ್ ಎಂದರೆ ಒಂದು ಬದಿ ಉಬ್ಬಿರುವ ಉಕ್ಕಿನ ತುಂಡು. ತಿರುಗಿದಾಗ ಆ ಉಬ್ಬು ಎದುರಿನದನ್ನು ನೂಕುತ್ತದೆ, ಅಷ್ಟೇ. ಆದರೆ ಎರಡು ದಾರಿಯನ್ನೂ ಒಟ್ಟಿಗೆ ಹದ ಮಾಡುವುದು ತಲೆನೋವು. ಹಾಗಾಗಿ ನಮ್ಮ ಕಡೆಯ ಗ್ಯಾರೇಜುಗಳಲ್ಲಿ ಎಂಜಿನ್ ಬಿಚ್ಚಿದಾಗಲೆಲ್ಲ ಆ ಕ್ಯಾಮನ್ನು ತೆಗೆದು ಗುಜರಿಗೆ ಎಸೆಯುವುದೇ ರೂಢಿಯಾಗಿತ್ತು. ಗಿರಾಕಿಗಳೂ ಕೇಳುತ್ತಿರಲಿಲ್ಲ, ಕೈ ಗಟ್ಟಿ ಇದ್ದವರಿಗೆ ಅದರ ಹಂಗೇನು?

ಕವರ್ ಬಿಚ್ಚಿ ನೋಡಿದೆ. ಅಂದುಕೊಂಡ ಹಾಗೇ ಕ್ಯಾಮ್ ಇರಬೇಕಾದ ಜಾಗ ಖಾಲಿ ಇತ್ತು. ಆದರೂ ನನಗೆ ಕುಣಿಯುವಷ್ಟು ಖುಷಿಯಾಯಿತು. ಚೌಡಪ್ಪನಿಗೆ ಬೇಕಾದದ್ದನ್ನು ಅವನು ಹುಟ್ಟುವ ಮೊದಲೇ ಯಾರೋ ಯೋಚಿಸಿ ಇಟ್ಟಿದ್ದರು. ನಾನು ಮಾಡಿಫೈ ಮಾಡಬೇಕಾಗಿರಲಿಲ್ಲ, ಕಳೆದದ್ದನ್ನು ವಾಪಸ್ ಕೂರಿಸಿದರೆ ಸಾಕಿತ್ತು.

ಕೂರಿಸುವುದು ಹೇಳಿದಷ್ಟು ಸುಲಭವಾಗಲಿಲ್ಲ. ಬೆಂಗಳೂರಿನ ಹಳೆಯ ಬಿಡಿಭಾಗದ ಅಂಗಡಿಗಳಿಗೆಲ್ಲ ಫೋನ್ ಮಾಡಿದೆ, ಸಿಗಲಿಲ್ಲ. ಸಾಗರದಲ್ಲೇ ಲೋಹ ಕಡೆಯುವ ಲೇತ್ ಇಟ್ಟಿರುವ ಗೆಳೆಯನ ಹತ್ತಿರ ಅಂದಾಜಿನ ಮೇಲೆ ಒಂದು ಮಾಡಿಸಿದೆ. ಉಬ್ಬು ಎಷ್ಟು ಓರೆ ಇರಬೇಕು ಎಂದು ನೋಡಲು ಮಾದರಿಯೇ ಇರಲಿಲ್ಲ. ಮೊದಲನೆಯದು ಕ್ಲಚ್ಚನ್ನು ಪೂರ್ತಿ ಬಿಡಿಸಲಿಲ್ಲ. ಎರಡನೆಯದು ಬಿಡಿಸಿತು, ಆದರೆ ಪಾದ ಸಡಿಲಿಸುತ್ತಿದ್ದಂತೆ ಒಮ್ಮೆಲೇ ಹಿಡಿಯುತ್ತಿತ್ತು. ಚೌಡಪ್ಪ ಬಂದು ಹತ್ತಿ ನೋಡಿದ. ಗಾಡಿ ಬೆದರಿದ ಹೋರಿಯ ಹಾಗೆ ಮುಂದಕ್ಕೆ ಹಾರಿ, ಅವನನ್ನು ಎದುರಿನ ಬೇಲಿಗೆ ಎಸೆಯಿತು. ಮೊಣಕೈ ತರಚಿದ್ದು ಬಿಟ್ಟರೆ ಏನೂ ಆಗಲಿಲ್ಲ. ಆದರೆ ಗಿರಿಜಮ್ಮ ಅಲ್ಲೇ ನಿಂತು ನೋಡುತ್ತಿದ್ದರು.

“ಸಾಕು. ಗೌಡ್ರಿಗೆ ಫೋನ್ ಮಾಡ್ತೀನಿ” ಎಂದರು. ಚೌಡಪ್ಪ ಬಟ್ಟೆಯ ಮಣ್ಣು ಕೊಡವಿಕೊಂಡು ತಲೆ ತಗ್ಗಿಸಿ ಕೂತ. ಅವನನ್ನು ಹಾಗೆ ನೋಡಿ ನನಗೆ ತೀರಾ ಸಂಕಟವಾಯಿತು.

ಒಂದು ವಾರ ಬಿಟ್ಟು ತೀರ್ಥಹಳ್ಳಿಯ ದಿವಾಕರ ಗೌಡರು ಗಾಡಿ ನೋಡಲು ನನ್ನ ವರ್ಕ್‌ಶಾಪಿಗೇ ಬಂದರು. ನನಗೆ ಪರಿಚಯದವರೇ. ತೋಟ, ವ್ಯಾಪಾರ ಎರಡೂ ಇದ್ದ ಅನುಕೂಲಸ್ಥರು, ಹಳೆಯ ಗಾಡಿಗಳೆಂದರೆ ಪ್ರಾಣ. ಅವರ ಶೆಡ್ಡಿನಲ್ಲಿ ಇದೇ ಮಾದರಿಯ ಒಂದು ಗಾಡಿ ಇತ್ತು. ಕಂಪನಿಯಿಂದ ಬಂದ ಮೇಲೆ ಎಂಜಿನ್ನಿನ ಒಂದು ಸ್ಕ್ರೂ ಕೂಡ ಬಿಚ್ಚಿಲ್ಲ ಎಂಬುದು ಅದರ ಹೆಗ್ಗಳಿಕೆ. ಪ್ರದರ್ಶನಕ್ಕೆ ಹೋದಲ್ಲೆಲ್ಲ ಬಹುಮಾನ ತರುತ್ತಿತ್ತು. ಒಮ್ಮೆ ನಾನು ಆಯಿಲ್ ಸೋರುತ್ತಿದೆ, ಕವರ್ ಬಿಚ್ಚಿ ಸೀಲ್ ಹಾಕುತ್ತೇನೆ ಎಂದಾಗ, “ಸೋರ್ಲಿ ಬಿಡಿ, ಕೆಳಗೆ ತಟ್ಟೆ ಇಡ್ತೀನಿ” ಎಂದಿದ್ದ ಮನುಷ್ಯ. ಹಟದಲ್ಲಿ ನನಗೂ ಅಣ್ಣ.

ಬಿಚ್ಚಿಟ್ಟ ಎಂಜಿನ್ ನೋಡಿ ಗೌಡರು ಏಕೆಂದು ಕೇಳಿದರು. ಚೌಡಪ್ಪನ ಕೈ, ಕ್ಯಾಮ್, ಬೇಲಿಗೆ ಬಿದ್ದದ್ದು ಎಲ್ಲ ಹೇಳಿದೆ. ಅವರು ಗಾಡಿಯ ಬೆಲೆ ಮಾತಾಡಲೇ ಇಲ್ಲ. ಬಗ್ಗಿ ಕ್ಯಾಮಿನ ಖಾಲಿ ಜಾಗ ನೋಡಿದರು.

“ಮಾದರಿ ಒಂದಿದ್ರೆ ಸರಿಯಾಗಿ ಮಾಡಿಸ್ಬಹುದಾ?” ಎಂದರು.

“ಮಾಡಿಸ್ಬಹುದು ಗೌಡ್ರೇ. ಆದ್ರೆ ಮಾದರಿ ಎಲ್ಲಿದೆ?”

“ನನ್ ಗಾಡಿ ಒಳಗಿದೆ. ಬಂದು ಬಿಚ್ಚಿ.”

ನಾನು ಕೇಳಿದ್ದು ಸರಿಯೋ ಎಂದು ಅವರ ಮುಖ ನೋಡಿದೆ. ತಮಾಷೆ ಮಾಡುತ್ತಿರಲಿಲ್ಲ.

ಆ ಭಾನುವಾರ ರಿಪ್ಪನ್‌ಪೇಟೆ ದಾಟಿ ತೀರ್ಥಹಳ್ಳಿಗೆ ಹೋದೆ. ನನ್ನ ಇಷ್ಟು ವರ್ಷದ ಕೆಲಸದಲ್ಲಿ ಒಂದು ಸ್ಕ್ರೂಗೆ ಅಷ್ಟು ಹೆದರಿದ್ದು ಅದೇ ಮೊದಲು. ಸ್ಕ್ರೂಡ್ರೈವರ್ ಇಟ್ಟು ತಿರುಗಿಸುವ ಮುನ್ನ ಗೌಡರನ್ನು ಮತ್ತೊಮ್ಮೆ ನೋಡಿದೆ. ಅವರು ಗೋಡೆ ಕಡೆ ತಿರುಗಿ ನಿಂತಿದ್ದರು. ಒಳಗಿನ ಕ್ಯಾಮ್ ಹೊಸದರ ಹಾಗೆ ಹೊಳೆಯುತ್ತಿತ್ತು. ಅದನ್ನು ತಂದು, ಅಳೆದು, ಗೆಳೆಯನ ಲೇತಿನಲ್ಲಿ ತದ್ರೂಪು ಮಾಡಿಸಿದೆ. ನೋಡಲು ಎರಡೂ ಒಂದೇ. ಆದರೆ ಉಕ್ಕಿಗೆ ಹದ ಕೊಡುವ ವಿದ್ಯೆ ಕಾರ್ಖಾನೆಯಷ್ಟು ನಮ್ಮಲ್ಲಿರಲಿಲ್ಲ. ನಕಲು ಎಷ್ಟು ಕಾಲ ಸವೆಯದೆ ಬಾಳುತ್ತದೆ ಎಂದು ಹೇಳಲಾರೆ ಎಂದು ಗೌಡರಿಗೆ ಫೋನಿನಲ್ಲಿ ಇದ್ದದ್ದನ್ನು ಇದ್ದ ಹಾಗೇ ತಿಳಿಸಿದೆ.

ಅವರು ಹೇಳಿದರು: “ಹಂಗಾದ್ರೆ ಒರಿಜಿನಲ್ ಅವ್ನ ಗಾಡಿಗೆ ಹಾಕಿ. ನಕಲು ನಂಗೆ ಕೊಡಿ. ಏರಲ್ಲಿ ನಿಂತು ಹೊರಡೋನು ಅವ್ನು. ನಂದು ಶೆಡ್ಡಲ್ಲಿ ನಿಂತೇ ಇರತ್ತೆ, ಅದಕ್ಕೆ ಕ್ಲಚ್ ಎಂತಕ್ಕೆ?”

ಫೋನ್ ಇಟ್ಟು, ಒರಿಜಿನಲ್ ಕ್ಯಾಮನ್ನು ಚೌಡಪ್ಪನ ಗಾಡಿಗೆಂದು ತೆಗೆದಿಟ್ಟೆ.

ಒರಿಜಿನಲ್ ಕೂರಿಸಿದ ದಿನ ಮೊದಲು ನಾನೇ ಗಾಡಿ ಹತ್ತಿದೆ. ಎಡಗೈಯನ್ನು ಸುಮ್ಮನೆ ಹ್ಯಾಂಡಲ್ ಮೇಲೆ ಊರಿ, ಹೊಸನಗರದ ರಸ್ತೆಯಲ್ಲಿ ಬಟ್ಟೆಮಲ್ಲಪ್ಪ ಎಂಬ ಊರಿನವರೆಗೆ ಹೋಗಿ ಬಂದೆ. ಒಂದು ಸಲವೂ ಕ್ಲಚ್ ಮುಟ್ಟಲಿಲ್ಲ. ಪಾದ ಸಡಿಲಿಸಿದರೆ ಬೆಣ್ಣೆಯಲ್ಲಿ ಚಾಕು ಇಳಿದ ಹಾಗೆ ಹೊರಡುತ್ತಿತ್ತು. ಹಾದಿಯುದ್ದಕ್ಕೂ ಒಬ್ಬನೇ ನಗುತ್ತ ಬಂದೆ. ಆಮೇಲೆ ನನ್ನ ಕೈಯಾರೆ ಒಂದೇ ಒಂದು ಮಾಡಿಫಿಕೇಶನ್ ಮಾಡಿದೆ. ಚೌಡಪ್ಪನ ರಬ್ಬರ್ ಹಾರ್ನ್ ಇದ್ದದ್ದು ಎಡ ಹ್ಯಾಂಡಲಿನಲ್ಲಿ, ಹಿಂಡಲು ಬೆರಳು ಬೇಕು. ಅದನ್ನು ಕಿತ್ತು, ಫ್ರೇಮಿಗೆ ಕಬ್ಬಿಣದ ಪಟ್ಟಿ ಬೆಸುಗೆ ಹಾಕಿ, ಟ್ಯಾಂಕಿನ ಎಡಪಕ್ಕಕ್ಕೆ ಕೂರಿಸಿದೆ. ಮೊಣಕಾಲಲ್ಲಿ ಒತ್ತಿದರೆ ‘ಪೋಂ’ ಎನ್ನುತ್ತಿತ್ತು. ಹಾರ್ನ್ ಇಲ್ಲದ ಮೀನಿನವನನ್ನು ಯಾರು ಕೇಳುತ್ತಾರೆ?

ಗಾಡಿ ಸರಿಯಾಯಿತು, ಇನ್ನು ಸವಾರನ ಸರದಿ. ಏರಿನಲ್ಲಿ ನಿಂತು ಹೊರಡುವಾಗ ಬಲಗಾಲು ನೆಲದ ಮೇಲಿರಬೇಕು, ಎಡಪಾದ ಲಿವರಿನ ಮೇಲೆ. ಹಾಗಾಗಿ ಮುಂದಿನ ಬ್ರೇಕನ್ನೂ ಆಕ್ಸಿಲರೇಟರನ್ನೂ ಬಲಗೈ ಒಂದೇ ನೋಡಿಕೊಳ್ಳಬೇಕು, ಎರಡು ಬೆರಳು ಬ್ರೇಕಿಗೆ, ಉಳಿದದ್ದು ಆಕ್ಸಿಲರೇಟರಿಗೆ. ಚೌಡಪ್ಪ ಊರಿನ ಶಾಲೆಯ ಮೈದಾನದಲ್ಲಿ ದಿನಾ ಅಭ್ಯಾಸ ಮಾಡಿದ. ಪೆಟ್ಟಿಗೆಯಲ್ಲಿ ಮೀನಿನ ಬದಲು ಮರಳು ತುಂಬಿಕೊಂಡು ತಿರುಗಿದ. ಆರ್‌ಟಿಒ ಕಚೇರಿಗೆ ಹೋಗಿ ಇನ್ಸ್‌ಪೆಕ್ಟರರ ಎದುರು ಓಡಿಸಿ ತೋರಿಸಿ ಲೈಸೆನ್ಸಿನ ವಿಷಯವನ್ನೂ ಸರಿ ಮಾಡಿಸಿಕೊಂಡ. ನಾನು ಮೆಚ್ಚಿದ ಸವಾರರು ಬಹಳ ಜನರಿದ್ದಾರೆ, ಆದರೆ ಇಷ್ಟು ತಾಳ್ಮೆಯಿಂದ ಮೊದಲಿನಿಂದ ಕಲಿತವನನ್ನು ನಾನು ಕಂಡಿಲ್ಲ.

ಕೊನೆಯ ಪರೀಕ್ಷೆ ಇಟ್ಟವರು ಗಿರಿಜಮ್ಮ. “ನಮ್ಮನೆ ಏರಲ್ಲಿ, ಪೆಟ್ಟಿಗೆ ತುಂಬ್ಕಂಡು, ಅರ್ಧದಲ್ಲಿ ನಿಂತು ಹೊರಡ್ಲಿ. ಆಗ್ಲಿಲ್ಲ ಅಂದ್ರೆ ಇವತ್ತೇ ಗಾಡಿ ಮಾರೋದು” ಎಂದರು. ನನ್ನನ್ನೂ ಕರೆಸಿದ್ದರು. ಮೊದಲ ಮಳೆ ಬಿದ್ದು ಕೆಂಪು ಮಣ್ಣು ನುಣ್ಣಗಾಗಿತ್ತು. ಚೌಡಪ್ಪ ಕೆಳಗಿನಿಂದ ಬಂದು ಏರಿನ ನಡುವೆ ನಿಲ್ಲಿಸಿದ. ಗಾಡಿ ಒಂದು ಗೇಣು ಹಿಂದೆ ಸರಿಯಿತು. ಗಿರಿಜಮ್ಮ ಸೆರಗು ಬಾಯಿಗೆ ಒತ್ತಿಕೊಂಡರು. ಅವನ ಬೆರಳು ಬ್ರೇಕ್ ಹಿಡಿಯಿತು. ಎಂಜಿನ್ ಸದ್ದು ಏರಿತು, ಎಡಪಾದ ಕೂದಲಿನಷ್ಟೇ ಸಡಿಲಾಯಿತು, ಗಾಡಿ ಮುಂದಕ್ಕೆ ಹೆಜ್ಜೆ ಇಟ್ಟಿತು. ಏರು ಹತ್ತಿ ಅಂಗಳದಲ್ಲಿ ನಿಂತು ಅವನು ಹಿಂತಿರುಗಿ ನೋಡಿದ.

“ಇನ್ನೊಂದ್ಸಲ” ಎಂದರು ಗಿರಿಜಮ್ಮ. ಅವನು ಮತ್ತೆ ಇಳಿದು ಹತ್ತಿದ. ಆಮೇಲೂ “ಇನ್ನೊಂದ್ಸಲ” ಎಂದರು. ಮೂರನೆಯದು ಮುಗಿದಾಗ ಕಣ್ಣೊರೆಸಿಕೊಂಡು, “ನಾಳೆಗೆ ಮೀನು ಹೇಳ್ಬೇಕಲ್ಲ, ಲಾರಿಯವ್ರ ನಂಬರ್ ಇದ್ಯಾ?” ಎಂದರು.

ಚೌಡಪ್ಪ ಈಗಲೂ ಅದೇ ಗಾಡಿಯಲ್ಲಿ ತಿರುಗುತ್ತಾನೆ. ನಾನು ವರ್ಕ್‌ಶಾಪನ್ನು ಬೇರೆಯವರಿಗೆ ಕೊಟ್ಟು ಮನೆಯಲ್ಲಿದ್ದೇನೆ. ಹಳೆಯ ಗಾಡಿಯನ್ನು ಉಳಿಸುವುದೆಂದರೆ ಅದನ್ನು ಮುಟ್ಟದೆ ಕಾಪಾಡುವುದು ಎಂದು ನಂಬಿದ್ದವನು ನಾನು. ಒಳಗಿನ ಒಂದೊಂದು ತುಂಡನ್ನೂ ಯಾರೋ ಯಾರದೋ ಕಷ್ಟ ನೆನೆದು ಮಾಡಿರುತ್ತಾರೆ, ಆ ಕಷ್ಟ ಇರುವವನ ಕೈಗೆ ಅದು ಸೇರಿದರೆ ಅದೇ ಉಳಿಸಿದ ಹಾಗೆ ಎಂಬುದನ್ನು ಈ ಕೆಲಸ ನನಗೆ ಕಲಿಸಿತು.

ಮರುವರ್ಷ ಪ್ರದರ್ಶನದಲ್ಲಿ ಗೌಡರ ಗಾಡಿಗೆ ಬಹುಮಾನ ಬರಲಿಲ್ಲ. ನಾನೂ ಜೊತೆಗೆ ಹೋಗಿದ್ದೆ. ತೀರ್ಪುಗಾರರು ಕವರಿನ ಸ್ಕ್ರೂ ಬಿಚ್ಚಿದ ಗುರುತು ಹಿಡಿದು, ಒಳಗೆ ಏನಾದರೂ ಬದಲಾಯಿಸಿದ್ದೀರಾ ಎಂದು ಕೇಳಿದರು. ಗೌಡರು ಹೌದೆಂದರು. ಒರಿಜಿನಲ್ ಪಾರ್ಟ್ ಎಲ್ಲಿದೆ ಎಂದು ಅವರು ಮತ್ತೆ ಕೇಳಿದಾಗ ಗೌಡರು ಎದೆ ಉಬ್ಬಿಸಿ ಹೇಳಿದರು:

“ಹೊಸನಗರದಲ್ಲಿ ಮೀನು ಮಾರ್ತಾ ಇದೆ.”