ಸುರಗಿ ಬುಟ್ಟಿಗೆ ತಾಗಿದ ಮೂಗು

ಅಂಕೋಲೆಯ ಪೇಟೆಗೆ ಯಾರೇ ಬರಲಿ, ಹಳೆಯ ಕೋಟೆಯನ್ನೂ ಸಂತೆಯ ಹೂಗಳನ್ನೂ ತೋರಿಸದೆ ನಾನು ಬಿಡುವವನಲ್ಲ. ನಿವೃತ್ತನಾದವನಿಗೆ ಇದಕ್ಕಿಂತ ಒಳ್ಳೆಯ ನೌಕರಿ ಇಲ್ಲ ನೋಡಿ. ಈ ಮಾರ್ಚಿನಲ್ಲಿ ಪುಣೆಯಿಂದ ಹೆಂಗಸೊಬ್ಬರು ಬಂದಿದ್ದರು. "ಇದು ನಮ್ಮ ಕಾಡಿನ ಸುರಗಿ, ಒಣಗಿದರೂ ಪರಿಮಳ ಹೋಗುವುದಿಲ್ಲ" ಎಂದು ನಾನು ಎದೆಯುಬ್ಬಿಸಿ ವಿವರಿಸುತ್ತಿದ್ದಂತೆ ಅವರು ಮೈಮರೆತು, ಬುಟ್ಟಿಗೇ ಮೂಗಿಟ್ಟು ಮೂಸಿಬಿಟ್ಟರು!

ಹೂ ಮಾರುವ ದೇವಿ ಹೌಹಾರಿದಳು. "ಅಯ್ಯೋ ಮಾಸ್ತರೇ, ಇದು ಮಂಜಗುಣಿ ದೇವಸ್ಥಾನದ ಹೂ! ಮೂಸಿದ್ದು ದೇವರಿಗೆ ನಡೀತದ್ಯಾ? ಪೂಜೆಗೆ ಈಗ ನಾ ಎಂತ ಕೊಡ್ಲಿ?"

ಅತಿಥಿಯ ಮುಖ ಬಾಡಿಹೋಯಿತು. ನಾನು ಸುಮ್ಮನಿರುತ್ತೇನೆಯೆ? "ದೇವೀ, ಸುರಗಿಯ ಪರಿಮಳ ಬಸ್‌ಸ್ಟ್ಯಾಂಡಿನ ತನಕ ಬರ್ತದೆ. ಅಲ್ಲಿ ಇಳಿದವರೆಲ್ಲ ಮೂಸಿದವರೇ. ಹಾಗೆ ನೋಡಿದರೆ ಅಂಕೋಲೆಯ ಒಂದು ಹೂವಾದರೂ ದೇವರಿಗೆ ಮುಟ್ಟೀತೆ?"

ದೇವಿ ಸೊಂಟಕ್ಕೆ ಕೈಯಿಟ್ಟಳು. "ನಿಮ್ಮ ಭಾಷಣ ಇರ್ಲಿ. ವಾಸನೆ ತಾನಾಗಿ ಬಂದ್ರೆ ದೋಷ ಇಲ್ಲ, ಮೂಗು ತಾಗಿದ್ರೆ ಉಂಟು. ಯಾವ ಮಾಲೆಗೆ ತಾಗ್ತು, ಕೇಳಿ ಅವರಿಗೆ."

ಕೇಳಿದೆ. ಅವರು ಎಲ್ಲಕ್ಕಿಂತ ಮೇಲಿನ ಮಾಲೆಯನ್ನು ತೋರಿಸಿದರು. ದೇವಿ ಅದನ್ನು ಎತ್ತಿ ಅವರ ಜಡೆಗೇ ಮುಡಿಸಿ, ಉಳಿದದ್ದನ್ನು ಬಾಳೆಲೆಯಲ್ಲಿ ಸುತ್ತಿಕೊಂಡು ಮಂಜಗುಣಿಯ ಬಸ್ಸಿಗೆ ಓಡಿದಳು.

ಆಮೇಲೆ ಕೋಟೆಯ ಕಥೆಯನ್ನು ನಾನು ಎಷ್ಟು ಸೊಗಸಾಗಿ ಹೇಳಿದೆ! ಅತಿಥಿ ಮಾತ್ರ ಜಡೆಯನ್ನು ಮುಂದಕ್ಕೆಳೆದು ಮೂಗಿಗೆ ಹಿಡಿದುಕೊಂಡೇ ನಡೆದರು. ಒಂದು ಮಾತೂ ಅವರ ಕಿವಿಗೆ ಬೀಳಲಿಲ್ಲ. ಕೋಟೆ ಕಟ್ಟಿಸಿದ ದೊರೆಗಳು ಕ್ಷಮಿಸಬೇಕು, ನನಗಂತೂ ಒಳಗೊಳಗೇ ಖುಷಿ.