ಗೊತ್ತಿಲ್ಲದ ಭಾಷೆಯ ಮಾತು ಹೊತ್ತವಳು

ಊರಿನಲ್ಲಿ ಎಲ್ಲರೂ ಆಕೆಯನ್ನು ಹಲೋ ಅಕ್ಕ ಎಂದೇ ಕರೆಯುತ್ತಿದ್ದರು. ಅಂಚೆ ಕಚೇರಿಯ ಮಹಡಿಯ ಮೇಲಿದ್ದ ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ಇಪ್ಪತ್ತಾರು ವರ್ಷ ಕೂತು, ದಿನಕ್ಕೆ ನೂರಾರು ಸಲ ಅದೊಂದೇ ಮಾತು ಹೇಳಿದವಳಿಗೆ ಇನ್ನೇನು ಹೆಸರು ಬಂದೀತು? ಕೋಣೆ ಚಿಕ್ಕದು. ಗೋಡೆಯಗಲದ ಬೋರ್ಡು, ಬೋರ್ಡಿನ ತುಂಬ ತೂತುಗಳು, ಒಂದೊಂದು ತೂತಿನ ಮೇಲೂ ಕಡಲೆಕಾಳಿನಷ್ಟು ದೀಪ. ದೀಪ ಹತ್ತಿತೆಂದರೆ ಯಾರೋ ಕರೆಯುತ್ತಿದ್ದಾರೆ ಎಂದರ್ಥ. ಆಕೆ ವೈರಿನ ತುದಿಯನ್ನು ಅಲ್ಲಿ ಚುಚ್ಚಿ, ಯಾರು ಬೇಕೆಂದು ಕೇಳಿ, ಇನ್ನೊಂದು ತುದಿಯನ್ನು ಇನ್ನೊಂದು ತೂತಿಗೆ ಸಿಕ್ಕಿಸುತ್ತಿದ್ದಳು. ಕಿಟಕಿಯ ಹೊರಗೆ ಬೆಟ್ಟ. ಮೋಡ ಇಳಿದ ದಿನ ಬೆಟ್ಟವೂ ಇಲ್ಲ, ಬೀದಿಯೂ ಇಲ್ಲ. ಬಿಳುಪಿನಲ್ಲಿ ತೇಲುವ ಒಂದು ಕೋಣೆ, ಕಿವಿಯ ತುಂಬ ದನಿಗಳು, ಅಷ್ಟೇ.

ಬೆಟ್ಟದ ಪಕ್ಕೆಗೆ ಮೆಟ್ಟಿಲು ಮೆಟ್ಟಿಲಾಗಿ ಅಂಟಿಕೊಂಡ ಊರು ಅದು. ಮೇಲಿನ ಕೇರಿಯವರು ಮೊದಲಿನಿಂದಲೂ ಕುರಿ ಕಾದವರು. ನಡುಕೇರಿಯವರು ಕಣಿವೆಯಿಂದ ವ್ಯಾಪಾರಕ್ಕೆ ಹತ್ತಿ ಬಂದವರು. ಕೆಳಕೇರಿಯವರು ಮೂರು ಬೆಟ್ಟಗಳಾಚೆಯಿಂದ ರೈಲಿನ ಸುರಂಗ ಕೊರೆಯಲು ಬಂದು, ಸುರಂಗ ಮುಗಿದ ಮೇಲೂ ಉಳಿದುಬಿಟ್ಟವರು. ಮೂರು ಕೇರಿಗೂ ಮೂರು ಭಾಷೆ. ಎಲ್ಲರ ಮನೆಮಾತೂ ಆಕೆಯ ಕಿವಿಯ ಮೂಲಕವೇ ಹಾದು ಹೋಗುತ್ತಿತ್ತು. ಕದ್ದು ಕೇಳುವಂತಿಲ್ಲ ಎಂದು ನಿಯಮವಿತ್ತು. ಆದರೆ ಲೈನು ಕೂಡಿತೋ ಇಲ್ಲವೋ ಎಂದು ಮೊದಲ ಎರಡು ಮಾತಾದರೂ ಕೇಳಲೇಬೇಕಲ್ಲ. ಹಾಗೆ ಆ ಮೊದಲ ಮಾತುಗಳೆಲ್ಲ ಆಕೆಯಲ್ಲಿ ಉಳಿದವು. ಮುಖಗಳು ಮಾತ್ರ ಗೊತ್ತಿರಲಿಲ್ಲ.

ಸುರಂಗದ ಬಡಗಿಯೊಬ್ಬನಿದ್ದ. ಒಳಗೆ ಮಣ್ಣು ಕುಸಿಯದಂತೆ ಮರದ ಆನಿಕೆ ಕೊಡುವ ಕೆಲಸ ಅವನದು. ತಿಂಗಳ ಮೊದಲ ಭಾನುವಾರ ಅವನ ತಾಯಿ ತಮ್ಮ ಊರಿನ ಅಂಚೆ ಕಚೇರಿಯವರೆಗೆ ನಡೆದು ಬಂದು ಫೋನು ಮಾಡುತ್ತಿದ್ದಳು. ಮೂರು ಎಕ್ಸ್‌ಚೇಂಜು ದಾಟಿ ಬರುವಷ್ಟರಲ್ಲಿ ಮುದುಕಿಯ ದನಿ ನೂಲಿನಷ್ಟು ಸಣ್ಣಗಾಗಿರುತ್ತಿತ್ತು. ನಡುವೆ ಕೂತ ಹಲೋ ಅಕ್ಕನಿಗೆ ಇಬ್ಬರೂ ಕೇಳಿಸುತ್ತಿದ್ದರು, ಅವರಿಬ್ಬರಿಗೆ ಒಬ್ಬರಿಗೊಬ್ಬರು ಕೇಳಿಸುತ್ತಿರಲಿಲ್ಲ. ಒಂದು ಭಾನುವಾರ ಇಬ್ಬರೂ ಕೂಗಿ ಕೂಗಿ ಸೋತರು. ಹಲೋ ಅಕ್ಕನಿಗೆ ತಡೆಯಲಾಗಲಿಲ್ಲ. ಲೈನಿನೊಳಗೆ ತಾನೂ ಮಾತಾಡುವ ಗುಂಡಿ ಒತ್ತಿ, ಮುದುಕಿ ಅಂದದ್ದನ್ನೆಲ್ಲ ಹಾಗೆಹಾಗೆಯೇ ಮಗನಿಗೆ ಅಂದಳು. ಮಗ ಅಂದದ್ದನ್ನು ಮುದುಕಿಗೆ ದಾಟಿಸಿದಳು. ಆ ಭಾಷೆಯ ಒಂದಕ್ಷರವೂ ಆಕೆಗೆ ತಿಳಿಯದು. ಮುಚ್ಚಳ ಹಾಕಿದ ಪಾತ್ರೆಯನ್ನು ಚೆಲ್ಲದ ಹಾಗೆ ಕೈಯಿಂದ ಕೈಗೆ ಕೊಟ್ಟಂತೆ, ದನಿಯ ಏರಿಳಿತದ ಸಮೇತ ಕೊಟ್ಟಳು.

ಹೀಗೆ ಏಳು ವರ್ಷ ನಡೆಯಿತು. ಎಂಟನೆಯ ವರ್ಷದ ಒಂದು ಬುಧವಾರ ಅದೇ ಅಂಚೆ ಕಚೇರಿಯಿಂದ ಯಾರೋ ಗಂಡಸಿನ ದನಿ ಬಂತು. ಅಂದು ಲೈನು ಎಂದಿಲ್ಲದಷ್ಟು ಚೊಕ್ಕವಾಗಿತ್ತು, ಆಕೆ ಬಾಯಿ ಹಾಕಬೇಕಾಗಲಿಲ್ಲ. ನಾಲ್ಕೇ ಮಾತು. ಕೇಳಿ ಬಡಗಿ ಫೋನು ಇಟ್ಟ. ಮುದುಕಿ ಇನ್ನಿಲ್ಲ ಎಂದು ಆಕೆಗೆ ಯಾರೂ ಅರ್ಥ ಬಿಡಿಸಿ ಹೇಳಬೇಕಾಗಿರಲಿಲ್ಲ. ಆಕೆ ಹೆಡ್‌ಫೋನು ತೆಗೆದಿಟ್ಟು ಮುಖ ತೊಳೆದುಕೊಂಡು ಬಂದಳು.

ಆಮೇಲೊಮ್ಮೆ ಅಂಗಡಿಯಲ್ಲಿ ಮೊಳೆ ಕೊಳ್ಳುತ್ತಿದ್ದ ಗಂಡಸಿನ ದನಿ ಕೇಳಿ ಇವನೇ ಎಂದು ಗುರುತು ಹಿಡಿದಳು. ಬೆನ್ನ ಹಿಂದೆ ನಿಂತು ನೋಡಿದಳು, ಮಾತಾಡಿಸಲಿಲ್ಲ. ಏನಂತ ಮಾತಾಡಿಸುವುದು?

ಎಕ್ಸ್‌ಚೇಂಜಿಗೆ ತಾನೇ ಲೈನು ಕೂಡಿಸುವ ಯಂತ್ರ ಬಂತು. ಹಲೋ ಅಕ್ಕ ಮನೆಗೆ ಬಂದಳು. ಮನೆಯಲ್ಲಿ ಇದ್ದದ್ದು ಗಂಡ ತೀರಿಕೊಂಡ ಅತ್ತಿಗೆ ಒಬ್ಬಳೇ. ಇಬ್ಬರೂ ದರ್ಜಿಯಂಗಡಿಯಿಂದ ಬಟ್ಟೆ ತಂದು ಗುಂಡಿ ಹೊಲಿಯುತ್ತಾ ಇಪ್ಪತ್ತು ವರ್ಷ ಕಳೆದರು.

ಇಪ್ಪತ್ತನೆಯ ವರ್ಷ ಮೂರು ಕೇರಿಯವರೂ ಸೇರಿ, ತಾವು ಎಲ್ಲಿಂದ ಬಂದೆವು, ಏನು ಹೊತ್ತು ತಂದೆವು ಎಂದು ಒಬ್ಬರಿಗೊಬ್ಬರು ಹೇಳಿಕೊಳ್ಳುವ ಒಂದು ದಿನ ಇಟ್ಟುಕೊಂಡರು. ಸಮುದಾಯ ಭವನದಲ್ಲಿ ದಾರ ಕಟ್ಟಿ ಹಳೆಯ ಫೋಟೋಗಳನ್ನು ನೇತುಹಾಕಿದರು. ಹಾಡುವವರು, ಕುಣಿಯುವವರು, ಕಥೆ ಹೇಳುವವರು ಎಲ್ಲ ಸಿದ್ಧ. ಆದರೆ ಮೈಕಿನಲ್ಲಿ ಮಾತಾಡಬೇಕಿದ್ದ ಮೇಷ್ಟರ ಗಂಟಲು ಬೆಳಿಗ್ಗೆಯೇ ಕಟ್ಟಿತು. ಭವನದ ಕಾರ್ಯದರ್ಶಿಯಾಗಿದ್ದ ಕ್ಷೌರಿಕ ಓಡೋಡಿ ಬಂದ.

"ಅಕ್ಕಾ, ನೀವೇ ಕಾಪಾಡಬೇಕು. ಮೂರು ಕೇರಿಯವರಿಗೂ ಗೊತ್ತಿರೋ ದನಿ ಅಂದ್ರೆ ನಿಮ್ಮದೇ."

"ನಂಗೆ ಜನ ಎದುರಿಗಿದ್ರೆ ಮಾತು ಬರಲ್ಲಪ್ಪ. ಗೋಡೆ ನೋಡ್ಕೊಂಡು ಮಾತಾಡಿದವಳು ನಾನು."

"ಕಣ್ಣು ಮುಚ್ಕೊಂಡು ಮಾತಾಡು," ಎಂದಳು ಅತ್ತಿಗೆ ಸೂಜಿಗೆ ದಾರ ಪೋಣಿಸುತ್ತಾ. "ಊರಿಗೆಲ್ಲ ಹಲೋ ಅಂದ ಬಾಯಿಗೆ ಒಂದು ಮಧ್ಯಾಹ್ನ ಏನು ಭಾರ?"

ಹಲೋ ಅಕ್ಕ ನಿಜಕ್ಕೂ ಕಣ್ಣು ಮುಚ್ಚಿಕೊಂಡೇ ಮೈಕಿನ ಮುಂದೆ ನಿಂತಳು. ಮೇಲಿನ ಕೇರಿಯವರನ್ನು ಕರೆಯುವಾಗ, ಅವರು ಫೋನಿನಲ್ಲಿ ಮೊದಲು ಕೇಳುತ್ತಿದ್ದ "ಮಂದೆ ಹಟ್ಟಿ ಸೇರಿತಾ?" ಎಂಬುದನ್ನು ಅವರ ಭಾಷೆಯಲ್ಲೇ ಕೇಳಿದಳು. ಕುರಿಗಾಹಿಗಳು ಬಿದ್ದು ಬಿದ್ದು ನಕ್ಕು, ಸೇರಿತು ಎಂದರು. ನಡುಕೇರಿಯವರಿಗೆ ಅವರದೇ ಮಾತಿನಲ್ಲಿ ಕುಶಲ ಕೇಳಿದಳು. ಕೆಳಕೇರಿಯವರ ಸರದಿ ಬಂತು. ಆ ಭಾಷೆಯಲ್ಲಿ ಆಕೆಗೆ ಚೆನ್ನಾಗಿ ಬರುತ್ತಿದ್ದದ್ದು ಮುದುಕಿ ಪ್ರತಿ ಸಲ ಮೊದಲಿಗೆ ಆಡುತ್ತಿದ್ದ ಮಾತೊಂದೇ. ಅದನ್ನೇ ಅಂದಳು.

ಕೆಳಕೇರಿಯ ಹುಡುಗಿಯರು ಕಿಸಕ್ಕೆಂದರು. ಅದು ಹಳ್ಳಿಯ ಹಳೇ ಮಾತು, ಅಜ್ಜಿಯರ ರಾಗ. ನಾಲ್ಕನೆಯ ಸಾಲಿನಲ್ಲಿ ಒಬ್ಬ ಮುದುಕ ಎದ್ದು ನಿಂತ. ಬಡಗಿ.

"ತಾಯೀ, ಈ ಮಾತು ನಿಮಗ್ಯಾರು ಕಲಿಸಿದ್ದು?"

ಆಕೆ ಕಣ್ಣು ತೆರೆದಳು. ಸುಳ್ಳು ಹೇಳಲು ಹೊತ್ತಿರಲಿಲ್ಲ. "ನಿಮ್ಮಮ್ಮ."

ಆಕೆ ಮೈಕು ಬದಿಗಿಟ್ಟು ಇಳಿದು ಹೋಗಿ, ಆ ಭಾನುವಾರಗಳ ಸಂಗತಿಯನ್ನೆಲ್ಲ ಹೇಳಿದಳು. "ತಪ್ಪಾಗಿದ್ರೆ ಹೊಟ್ಟೆಗೆ ಹಾಕ್ಕೊಳ್ಳಿ," ಎಂದಳು.

ಬಡಗಿ ಕುರ್ಚಿಯ ಬೆನ್ನು ಹಿಡಿದುಕೊಂಡ. "ಏಳು ವರ್ಷ ನಾನು ಅಮ್ಮನ ದನೀನೇ ಕೇಳ್ತಿದ್ದೀನಿ ಅಂದ್ಕೊಂಡಿದ್ದೆ," ಎಂದ. "ಬೇರೆ ಏನಾದ್ರೂ ನೆನಪಿದೆಯಾ?"

ಆಕೆ ಅಂದಳು. ಮೊದಲು ತಡವರಿಸಿ, ಆಮೇಲೆ ಒಂದರ ಹಿಂದೆ ಒಂದು ಬಂದವು. ಬಡಗಿಯ ಮುಖ ಮಗುವಿನ ಮುಖದಂತೆ ಬಿಚ್ಚಿಕೊಂಡಿತು.

"ಏನಂತ ಅದರ ಅರ್ಥ?" ಎಂದು ಕೇಳಿದಳು.

"ಒದ್ದೆ ತಲೇಲಿ ಮಲಗಬೇಡ. ಹಾಸಿಗೆ ಬಿಸಿಲಿಗೆ ಹಾಕು."

"ಅಷ್ಟೇನಾ? ನಾನೇನೋ ದೊಡ್ಡ ವಿಷಯ ಅಂದ್ಕೊಂಡು ಉಸಿರು ಬಿಗಿ ಹಿಡಿದು ಹೇಳ್ತಿದ್ದೆ."

"ಏಳು ವರ್ಷವೂ ಅದೇ," ಎಂದ ಬಡಗಿ. ನಗುತ್ತಿದ್ದನೋ ಅಳುತ್ತಿದ್ದನೋ. "ಇನ್ನೊಂದ್ಸಲ ಅನ್ನಿ."

ಸಂಜೆ ಮನೆಗೆ ಮೆಟ್ಟಿಲು ಹತ್ತುವಾಗ ಅತ್ತಿಗೆ ಆಗಾಗ ತಿರುಗಿ ತಿರುಗಿ ನೋಡುತ್ತಿದ್ದಳು. ಕೊನೆಗೆ ಕೇಳಿದಳು, "ಆಗ ನಾನು ನಮ್ಮಮ್ಮನ ಹತ್ರ ಫೋನಲ್ಲಿ ನಿನ್ನ ಮೇಲೆ ದೂರು ಹೇಳ್ತಿದ್ದೆನಲ್ಲ, ಅದೂ ಕೇಳಿಸ್ತಾ?"

"ಯಾವುದು ಅತ್ತಿಗೆ? ಅಡುಗೆಗೆ ಉಪ್ಪು ಹಾಕೋಕೆ ಬರಲ್ಲ ಅಂದದ್ದಾ, ಗೊರಕೆ ಹೊಡೀತೀನಿ ಅಂದದ್ದಾ?"

ಅತ್ತಿಗೆ ಹತ್ತು ಮೆಟ್ಟಿಲು ಹತ್ತಿ ತಿರುಗಿ ನಿಂತಳು. "ಗೊರಕೆ ಮಾತ್ರ ನಿಜ," ಎಂದಳು.

ಮುಂದಿನ ವಾರದಿಂದಲೇ ಜನ ಬರತೊಡಗಿದರು. ಕ್ಷೌರಿಕ ಭವನದ ಮೂಲೆಯಲ್ಲಿ ಎರಡು ಕುರ್ಚಿ ಹಾಕಿಸಿ, ಗುರುವಾರ ಮಧ್ಯಾಹ್ನ ಎಂದು ಗೊತ್ತು ಮಾಡಿದ. ನಮ್ಮಜ್ಜ ಹೇಗೆ ಮಾತಾಡ್ತಿದ್ರು, ಅತ್ತೆ ಫೋನೆತ್ತಿದ ಕೂಡಲೆ ಏನಂತಿದ್ರು ಎಂದು ಕೇಳುವವರು. ಕೆಲವನ್ನು ಆಕೆ ಹೇಳುತ್ತಿದ್ದಳು. ಕೆಲವಕ್ಕೆ ತಲೆಯಾಡಿಸಿ, "ಅದು ನನ್ನ ಹೊಟ್ಟೇಲೇ ಇರ್ಲಿ," ಎನ್ನುತ್ತಿದ್ದಳು. ಬಡಗಿ ತಪ್ಪದೆ ಬಂದು ಕೂತು, ಕೆಳಕೇರಿಯ ಮಾತುಗಳ ಅರ್ಥ ಬಿಡಿಸುತ್ತಿದ್ದ.

ಒಂದು ಗುರುವಾರ ನಡುಕೇರಿಯ ದಾದಿ ಬಂದಳು. ಅಪ್ಪ ಸತ್ತಾಗ ಅವಳಿಗಿನ್ನೂ ಮೂರು ವರ್ಷ. "ಅವರು ಏನು ಹೇಳಿದ್ರು ಅಂತ ಬೇಡ ಅಕ್ಕ. ಹೇಗೆ ಹೇಳ್ತಿದ್ರು ಅಷ್ಟು ಸಾಕು."

ಹಲೋ ಅಕ್ಕ ಗೋಡೆಯ ಕಡೆ ತಿರುಗಿ ಕೂತಳು. ಆಮೇಲೆ ಎರಡು ಸಲ ಕೆಮ್ಮಿ, ಮೂಗಿನಲ್ಲಿ ಮೆಲ್ಲಗೆ ನಕ್ಕು, "ಯಾರದು, ಇದ್ದೀರಾ?" ಎಂದಳು, ಗಂಡಸಿನ ತಗ್ಗಿದ ದನಿಯಲ್ಲಿ.

"ಇದ್ದೀನಿ," ಎಂದಳು ದಾದಿ, ಕಣ್ಣು ಮುಚ್ಚಿಕೊಂಡು.